ಗೊಬ್ಬರವೆಂದರೆ ಸಗಣಿಯಲ್ಲ

ಪತ್ರಿಕೆಯ ಲೇಖನಕ್ಕೆಂದು ಡೈರಿಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದನ್ನು ಕೇಳುವುದಕ್ಕೇ ಬಾಯಿ ಬರುತ್ತಿಲ್ಲ. ಅಂಬವ್ವ ಅದನ್ನು ಗಮನಿಸಿದಂತಿದೆ.

"ನೀವು ಕೇಳೂದೇನೂ ಬ್ಯಾಡ್ರಿ. ನಾ ಮಾತಾಡ್ಕೋತ ಹೋಗ್ತೀನಿ, ನೀವು ನಿಮ್ಮ ಮೈಸೂರ ಕನ್ನಡದಾಗ ಚಂದಗೆ ಬರಕೋರಿ."

ಬೆಳಗಿನ ಆರು ಗಂಟೆ. ತೆಲುಗು ಸೀಮೆಯ ಕೊಂಡಾಪುರದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟೊಂದರ ಹಿಂದೆ ಕೂಲಿಯವರ ತಗಡಿನ ಶೆಡ್ಡುಗಳು. ಏಳೂವರೆಗೆ ಎಲ್ಲರೂ ಕೆಲಸಕ್ಕೆ ಹೊರಟು ಇವಕ್ಕೆಲ್ಲ ಬೀಗ ಬೀಳುತ್ತದೆ. ಅಷ್ಟರೊಳಗೆ ಅಂಬವ್ವ ಪ್ರತಿ ಬಾಗಿಲು ತಟ್ಟಿ ಜ್ವರ, ಗುಳ್ಳೆ, ಮಕ್ಕಳ ಲಸಿಕೆ ವಿಚಾರಿಸಬೇಕು. ದಿನಕ್ಕೆ ಅರವತ್ತು ಬಾಗಿಲು. ನೋಡಿದ ಬಾಗಿಲಿಗೆ ಸೀಮೆಸುಣ್ಣದ ಗುರುತು.

ರಾಯಚೂರಿನ ಕಡೆಯ ಈಕೆಗೆ ನಲವತ್ತೆಂಟು. ಇಂಥದೇ ಶೆಡ್ಡಿನಲ್ಲಿದ್ದು ಇಟ್ಟಿಗೆ ಹೊತ್ತವರು. ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಕೆಲಸ, ಇನ್ನೂ ಕಾಯಂ ಆಗಿಲ್ಲ. ಕನ್ನಡದವರ ಶೆಡ್ಡುಗಳೆಲ್ಲ ಇವರ ಪಾಲಿಗೆ ಬಂದದ್ದು ಒಂದು ಶಬ್ದದಿಂದ.

ದಡಾರಕ್ಕೆ ತೆಲುಗಿನಲ್ಲಿ ತಟ್ಟು ಎನ್ನುತ್ತಾರೆ, ಇವರ ಕಡೆ ಗೊಬ್ಬರ. ಎರಡು ವರ್ಷದ ಹಿಂದೆ ಸಮೀಕ್ಷೆಗೆ ಬಂದ ತೆಲುಗಿನವನಿಗೆ ಒಬ್ಬ ತಾಯಿ, ಕೂಸಿಗೆ ಗೊಬ್ಬರ ಎದ್ದಿದೆ ಎಂದಳು. ಅವನ ಕಿವಿಗೆ ಬಿದ್ದದ್ದು ಹಿಂದಿಯ ಗೋಬರ್. ಸಗಣಿಯ ದೂರು ಎಂದು ಬರೆದುಕೊಂಡ.

"ಮೂರನೇ ದಿನ ನರ್ಸ್ ಬರ್ಲಿಲ್ರಿ, ಕಸದ ಆಟೋ ಬಂತು! ಅಂವ ಸಲಿಕಿ ಹಿಡ್ಕೊಂಡು ಸಗಣಿ ಎಲ್ಲೈತಿ ಅಂತ ಹುಡುಕಾಕತ್ತಾನ." ಅಂಬವ್ವ ನಗುತ್ತಾರೆ, ನಗು ಅಲ್ಲಿಗೇ ನಿಲ್ಲುತ್ತದೆ. "ಅಷ್ಟೊತ್ತಿಗೆ ಒಂಬತ್ತ್ ಕೂಸಿಗೆ ಹತ್ತಿತ್ತು."

ಹದಿನಾಲ್ಕನೇ ಶೆಡ್ಡು. ಯಾದಗಿರಿಯ ಗುಂಡಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಾಳೆ.

"ಎಲ್ಲಾರೂ ಆರಾಮ ಅದೀವಿ, ಮುಂದ್ ಹೋಗು."

ಒಳಗೆ ಮಗು ಕೆಮ್ಮುತ್ತದೆ.

"ಆರಾಮಿದ್ದ ಕೂಸು ಹಿಂಗ ಕೆಮ್ಮತೈತೇನವಾ?"

"ನೀ ಬರಕೊಂಡು ಹೋಗಿ ಮೇಸ್ತ್ರಿಗೆ ಹೇಳ್ತಿ. ಹೋದ ತಿಂಗಳ ಹಿಂಗ ಆಗೇ ಒಂದ್ ಮನಿಯವರನ್ನ ಶೆಡ್ ಬಿಡ್ಸಿದ."

"ನಾ ಅಂವಗ ಹೇಳೂದಿಲ್ಲವಾ. ಆದ್ರ ಈ ಸಾಲಿನಾಗ ಸೂಜಿ ಮಾಡಿಸದ ಕೂಸು ಹನ್ನೊಂದು ಅದಾವು. ನೀ ಬಾಗ್ಲಾ ಹಾಕ್ಕೊಂಡ್ರ ಎಲ್ಲಾಕ್ಕೂ ಹತ್ತತೈತಿ."

ಗುಂಡಮ್ಮನ ಕಣ್ಣು ನನ್ನ ಕನ್ನಡಕದ ಮೇಲೆ, ಕೈಯಲ್ಲಿದ್ದ ಪುಸ್ತಕದ ಮೇಲೆ ನಿಲ್ಲುತ್ತದೆ. "ಈ ಡಾಕ್ಟರಮ್ಮಾರು ನೋಡ್ಲಿ. ನೀ ಏನ್, ಸೀಮೆಸುಣ್ಣದಾಕಿ."

ಅಂಬವ್ವನ ಮುಖದಲ್ಲಿ ಏನೂ ಬದಲಾಗುವುದಿಲ್ಲ. ಪಕ್ಕಕ್ಕೆ ಸರಿದು ನನಗೆ ದಾರಿ ಬಿಡುತ್ತಾರೆ.

ಗುಂಡಮ್ಮ ಮಗುವನ್ನು ಎತ್ತಿ ತರುತ್ತಾಳೆ. ಎರಡು ವರ್ಷದ ಹುಡುಗಿ. ಕಿವಿಯ ಹಿಂದಿನಿಂದ ಕೆನ್ನೆಯವರೆಗೆ ಕೆಂಪು ಗುಳ್ಳೆ, ರೆಪ್ಪೆಗಳು ಅಂಟಿಕೊಂಡಿವೆ. ಹಣೆ ಮುಟ್ಟಿದರೆ ಸುಡುತ್ತದೆ.

"ನಿನ್ನಿಯಿಂದ ಕಣ್ಣ ತಗೀವಲ್ದು. ಕಣ್ಣಿಗೇನಾರ ಆಗ್ತೈತೇನ್ರಿ? ನೀವು ಹೇಳಿದಂಗ ಮಾಡ್ತೀನಿ."

ನಾನು ಹೂಂ ಎಂದರೂ ಇವಳು ನಂಬುತ್ತಾಳೆ, ಏನೂ ಆಗಲ್ಲ ಎಂದರೂ ನಂಬುತ್ತಾಳೆ. ಅಂಬವ್ವ ನೆಲ ನೋಡುತ್ತ ನಿಂತಿದ್ದಾರೆ.

"ನಾನು ಡಾಕ್ಟರ್ ಅಲ್ಲ, ಅಕ್ಕ," ಎನ್ನುತ್ತೇನೆ. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬರುತ್ತದೆ. "ನನಗೆ ಗೊತ್ತಿಲ್ಲ. ಅವರಿಗೆ ಗೊತ್ತು."