ಮಗಳ ಮದುವೆಗೆ ಬಾರಿಸದ ಡ್ರಮ್

ಕರ್ಪೂರ ಹಾಕಿ ಕಾಸಿದ ಕೊಬ್ಬರಿ ಎಣ್ಣೆಯ ವಾಸನೆ ಅದು. ಹೋದ ತಿಂಗಳು ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಗೆ ಹೊರಟ ಬಸ್ಸಿನಲ್ಲಿ, ಪಕ್ಕದ ಸೀಟಿನ ಅಜ್ಜನ ಮೊಣಕಾಲಿನಿಂದ ಬರುತ್ತಿತ್ತು. ವಾಸನೆಗೆ ನೆನಪಿದೆ ಎನ್ನುವವರ ಜೊತೆ ನಾನು ಜಗಳವಾಡಿದವಳು. ಆದರೂ ಕೊಟ್ಟೂರು ದಾಟುವ ತನಕ ಕಣ್ಣೆದುರು ಡ್ರಮ್ ಚಾಚಾ ಕೂತೇ ಇದ್ದರು... ಮನೆಯ ಕಟ್ಟೆಯ ಮೇಲೆ, ಎರಡೂ ಮುಂಗೈಗೆ ಆ ಎಣ್ಣೆ ತಿಕ್ಕಿಕೊಳ್ಳುತ್ತಾ.

ಚಾಚಾ ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಮದುವೆ ದಿಬ್ಬಣಗಳಿಗೆ ಹೋಗುವ ಬ್ಯಾಂಡ್ ಸೆಟ್ಟಿನಲ್ಲಿ ಕೆಂಪು ಕೋಟು ತೊಟ್ಟು ಡ್ರಮ್ ಬಾರಿಸುತ್ತಿದ್ದರು. ತಮ್ಮ ಕತೆ ಅವರು ಹೇಳುತ್ತಿದ್ದದ್ದು ಹೀಗೆ: ಹರಪನಹಳ್ಳಿಯಲ್ಲಿ ಡೇರೆ ಹಾಕಿದ್ದ ಸರ್ಕಸ್ಸಿನ ಬ್ಯಾಂಡಿನ ಹಿಂದೆ ಮನೆ ಬಿಟ್ಟು ಹೋದರು, ಸರ್ಕಸ್ಸು ಮುಂಬಯಿ ಮುಟ್ಟಿದಾಗ ಅದನ್ನೂ ಬಿಟ್ಟರು, ಗೋವಾದ ಒಬ್ಬ ಡ್ರಮ್ಮರ್ ಕೈಕೆಳಗೆ ಕಲಿತು, ಸಮುದ್ರದಂಡೆಯ ಹೋಟೆಲೊಂದರಲ್ಲಿ ವರ್ಷಗಟ್ಟಲೆ ಜಾಜ್ ಬಾರಿಸಿದರು. ಆಮೇಲೆ ಹೋಟೆಲಿನವರಿಗೆ ಕ್ಯಾಸೆಟ್ಟೇ ಸಾಕಾಯಿತು. ಚಾಚಾ ಊರಿಗೆ ಬಂದರು.

ನಾನು ನಂಬಲಿಲ್ಲ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಕಪ್ ಗೆದ್ದು ತರುತ್ತಿದ್ದ ವಯಸ್ಸು. ಒಂದು ಫೋಟೋ ಇಲ್ಲ, ಒಬ್ಬ ಸಾಕ್ಷಿ ಇಲ್ಲ. ಹೋಟೆಲಿನ ಹೆಸರು ಕೇಳಿದರೆ ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು. ಹಿಡಿದು ಕೇಳಿದರೆ ನಗುತ್ತಿದ್ದರು. ‘ಹೆಸರು ತಗೊಂಡು ಏನ್ ಮಾಡ್ತಿ ವಕೀಲವ್ವ, ಅಲ್ಲಿ ರೂಮ್ ಮಾಡಾದೈತೇನು?’

ಮುಂಬಯಿಯ ಬಗ್ಗೆ ನನ್ನ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೆ ಅವರ ಪೆಟ್ಟು ಮಾತ್ರ ಕೊಟ್ಟೂರಿನದಾಗಿರಲಿಲ್ಲ. ಎಲ್ಲರೂ ಬಾರಿಸುವ ಜಾಗದಿಂದ ಅದು ಒಂದಿಷ್ಟು ಹಿಂದೆ ಬೀಳುತ್ತಿತ್ತು. ಯಾಕೆ ಹಾಗೆ ಎಂದರೆ, ‘ಬಸ್ ಬಿಟ್ಟಮ್ಯಾಲೆ ಓಡಿ ಹತ್ತಾರಲ್ಲ, ಹಂಗ. ತಡ ಆಗ್ಬೇಕು, ತಪ್ಪಬಾರ್ದು’ ಎನ್ನುತ್ತಿದ್ದರು. ದಿಬ್ಬಣದಲ್ಲಿ ಕುಣಿಯುವ ಮದುಮಗನ ಗೆಳೆಯರಿಗೆ ಇದು ತಿಳಿಯಬೇಕಲ್ಲ? ಎತ್ತಿದ ಕಾಲು ಎಲ್ಲಿಡಬೇಕೆಂದು ಗೊತ್ತಾಗದೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಬ್ಯಾಂಡ್ ಮಾಸ್ಟರ್ ಕ್ಲಾರಿನೆಟ್ ಬಾಯಿಂದ ತೆಗೆದು, ‘ಲೇ ಬಾಂಬೆ, ನೆಟ್ಟಗ ಹೊಡಿಲೇ’ ಎಂದು ಎಲ್ಲರೆದುರು ಗದರುತ್ತಿದ್ದರು. ಚಾಚಾ ನೆಟ್ಟಗೆ ಹೊಡೆಯುತ್ತಿದ್ದರು. ಅವರ ಲೆಕ್ಕ ಬೇರೆ ಇತ್ತು: ಕಂಡವರ ಮದುವೆಯಲ್ಲಿ ಅವರು ಹೇಳಿದಂತೆ, ತನ್ನ ಒಬ್ಬಳೇ ಮಗಳ ಮದುವೆಯಲ್ಲಿ, ತನ್ನ ಮನೆ ಬಾಗಿಲಲ್ಲಿ, ತನಗೆ ಬೇಕಾದಂತೆ. ಮಗಳು ನನ್ನ ಜೊತೆ ಓದಿದವಳು. ಅವಳು ಹೈಸ್ಕೂಲಿನಲ್ಲಿದ್ದಾಗಿನಿಂದ ಈ ಮಾತು ಕೇಳಿ ಕೇಳಿ ಓಣಿಗೆಲ್ಲ ಬಾಯಿಪಾಠವಾಗಿತ್ತು.

ಸಂಬಂಧ ಹರಪನಹಳ್ಳಿಯಿಂದ ಬಂತು. ಒಳ್ಳೆಯ ಹುಡುಗ, ಸ್ವಂತ ಗ್ಯಾರೇಜು. ಹುಡುಗನ ಅಜ್ಜ ಒಂದೇ ಷರತ್ತು ಹಾಕಿದರು: ತಮ್ಮ ಮನೆಯ ನಿಕಾಹಗಳಲ್ಲಿ ಬ್ಯಾಂಡು ಬಾಜಾ ಇಲ್ಲ, ಇಲ್ಲೂ ಬೇಡ. ಚಾಚಾ ಹೂಂ ಅಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಆ ಸಂಜೆಯೇ ಕಟ್ಟೆಗೆ ಹೋಗಿ ವಾದ ಹೂಡಿದೆ. ಊರವರ ಮದುವೆಗೆಲ್ಲ ಬೇಕಾದ ಡ್ರಮ್ಮು ಬಾರಿಸುವವನ ಮನೆಗೇ ಬೇಡವೆಂದರೆ ಏನರ್ಥ, ಆ ಡ್ರಮ್ಮಿನ ಅನ್ನ ಉಂಡು ಬೆಳೆದ ಹುಡುಗಿ ಬೇಕು ಡ್ರಮ್ಮು ಬೇಡವೇ, ನಾನೇ ಬಂದು ಆ ಅಜ್ಜನ ಹತ್ತಿರ ಮಾತಾಡುತ್ತೇನೆ... ಚಾಚಾ ಪೂರ್ತಿ ಕೇಳಿದರು.

‘ನೀನು ಗೆಲ್ತಿ ಬಿಡವ್ವ,’ ಅಂದರು. ‘ಗೆದ್ದು ಕೊಟ್ಟೂರಿಗೆ ವಾಪಸ್ ಬರ್ತಿ. ಆಕಿ ಅಲ್ಲೇ ಇರಾಕಿ.’

ಇದಕ್ಕೆ ಎದುರುವಾದ ಇದೆ, ಈಗಲೂ ಹೇಳಬಲ್ಲೆ. ಅವತ್ತು ಕಟ್ಟೆಯಿಂದ ಎದ್ದು ಮನೆಗೆ ಬಂದೆ.

ನಿಕಾಹದ ಹಿಂದಿನ ದಿನ ಮಧ್ಯಾಹ್ನ ಅರಿಶಿನದ ಶಾಸ್ತ್ರ. ಒಳಗೆ ಹೆಂಗಸರಷ್ಟೇ ಸೇರಿ ಡೋಲಕ್ ಇಟ್ಟುಕೊಂಡು ಹಾಡುವುದು ಹಿಂದಿನಿಂದ ಬಂದದ್ದು. ಅದಕ್ಕೆ ಯಾರ ತಕರಾರೂ ಇರಲಿಲ್ಲ; ಹುಡುಗನ ಕಡೆಯ ಹೆಂಗಸರೇ ಮುಂದೆ ಕೂತಿದ್ದರು. ಹೊರಗೆ ಚಪ್ಪರದಲ್ಲಿ ಬ್ಯಾಂಡಿನವರೆಲ್ಲ ಮಾಮೂಲಿ ಅಂಗಿಯಲ್ಲಿ ಬಂದು, ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದವರ ಹಾಗೆ, ಚಾಚಾ ಸುತ್ತ ಕೂತು ಅಡುಗೆಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು.

ಡೋಲಕ್ ಬಾರಿಸುತ್ತಿದ್ದ ಮುದುಕಿಗೆ ಕೈ ಸೋತಿತು. ಮುಖವೆಲ್ಲ ಅರಿಶಿನ ಮೆತ್ತಿಸಿಕೊಂಡಿದ್ದ ಮದುಮಗಳು ‘ಕೊಡ್ರಿ ಇಲ್ಲಿ’ ಎಂದು ಅದನ್ನು ಎಳೆದುಕೊಂಡಳು. ಮದುಮಗಳಿಗೆ ನಾಚಿಕೆಯೇ ಇಲ್ಲ ಎಂದು ಒಬ್ಬಿಬ್ಬರು ನಕ್ಕರು. ಹಾಡು ಶುರುವಾಯಿತು. ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ನಮ್ಮೆಲ್ಲರ ಚಪ್ಪಾಳೆ ತಪ್ಪಿತು. ಅವಳ ಪೆಟ್ಟು ನಮ್ಮ ಚಪ್ಪಾಳೆಯ ಹಿಂದೆ, ಒಂದಿಷ್ಟೇ ಹಿಂದೆ, ಬಂದು ಬೀಳುತ್ತಿತ್ತು. ಅವಳ ಕಣ್ಣು ಬಾಗಿಲ ಪರದೆಯ ಮೇಲಿತ್ತು.

ನಾನು ಪರದೆ ಸರಿಸಿ ಹೊರಗೆ ಬಂದೆ. ಬ್ಯಾಂಡಿನವರ ಕೈಗಳೆಲ್ಲ ನಿಂತಿದ್ದವು. ಮಾಸ್ಟರ್ ಏನೂ ಗದರದೆ ಚಾಚಾ ಮುಖವನ್ನೇ ನೋಡುತ್ತಿದ್ದರು. ಚಾಚಾ ಮಾತ್ರ ಬೆಳ್ಳುಳ್ಳಿ ಬಿಡಿಸುತ್ತಲೇ ಇದ್ದರು, ಎಸಳನ್ನು ಸಿಪ್ಪೆಯ ಬುಟ್ಟಿಗೆ ಹಾಕುತ್ತಾ, ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಾ.

‘ನಾನು ಕಲಿಸಿಲ್ಲವ್ವ ಇದನ್ನ,’ ಅಂದರು.

ಚಾಚಾ ಹೋಗಿ ವರ್ಷಗಳಾದವು. ನಾನಾಗ ಹೊಸಪೇಟೆಯಲ್ಲಿದ್ದೆ, ಸುದ್ದಿ ಸಿಕ್ಕು ಓಡಿ ಬರುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಅವರೊಂದಿಗೆ ಅರ್ಧಕ್ಕೆ ಬಿಟ್ಟ ಜಗಳಗಳನ್ನು ಈಗ ಯಾರ ಜೊತೆ ಮುಗಿಸಲಿ?

ಹೋದ ತಿಂಗಳು ನಾನು ಹರಪನಹಳ್ಳಿಯ ಬಸ್ಸು ಹತ್ತಿದ್ದು ಅವರ ಮಗಳನ್ನು ನೋಡುವುದಕ್ಕೇ. ಚಹಾ ಕುಡಿಯುತ್ತಾ, ಮದುವೆಮನೆಗಳಲ್ಲಿ ಈಗಲೂ ಡೋಲಕ್ ಹಿಡಿಯುತ್ತೀಯಾ ಎಂದು ಕೇಳಿದೆ. ಅವತ್ತೇ ಕೊನೆ ಎಂದಳು. ಗಂಡನ ಮನೆಯವರು ಬೇಡವೆಂದರೇ ಎಂದೆ, ಹಳೆಯ ವಾದಕ್ಕೆ ಪುರಾವೆ ಸಿಕ್ಕೀತೆಂಬ ಆಸೆಯಲ್ಲಿ. ಇಲ್ಲವಂತೆ, ಬಾರಿಸು ಬಾರಿಸು ಎಂದು ಅತ್ತೆಯೇ ಕಾಡುತ್ತಾರಂತೆ.

‘ಹೊರಗ ಕುಂತು ಕೇಳಾಕ ಅಬ್ಬಾ ಇರ್ಬೇಕಲ್ಲ?’ ಅಂದಳು.