ಹಾಳೆ ಇಟ್ಟ ಕೂಡಲೇ ಊದಬೇಕು

ಮದುವೆಯಾಗಿ ಅರಸೀಕೆರೆಗೆ ಬಂದ ವಾರದಲ್ಲೇ ನನ್ನ ಸ್ಯಾಕ್ಸೋಫೋನಿನ ಪೆಟ್ಟಿಗೆ ಅಟ್ಟ ಸೇರಿತು. ಬೇಲೂರಿನಲ್ಲಿ ನಮ್ಮ ಪಕ್ಕದ ಮನೆಯ ವಿದ್ವಾಂಸರು ಅದನ್ನು ನನಗೆ ಕಲಿಸಿದ್ದರು. ಅವರು ಊದುತ್ತಿದ್ದರು, ನಾನು ಕೇಳಿಸಿಕೊಂಡು ಹಾಗೇ ಊದುತ್ತಿದ್ದೆ. ಅತ್ತೆಗೆ ಅದು ಹಿಡಿಸಲಿಲ್ಲ. "ಊದೋರನ್ನ ದುಡ್ಡು ಕೊಟ್ಟು ಕರೆಸೋ ಮನೆ ನಮ್ದು. ಸೊಸೆ ಕೂತ್ಕಂಡು ಊದಿದ್ರೆ ಮಂಡೀಲಿ ಜನ ಏನಂತಾರೆ?" ಎಂದರು. ಕೊಬ್ಬರಿ ವ್ಯಾಪಾರದ ಮನೆ. ಮಂಡಿಯ ಜನ ಏನಂತಾರೆ ಅನ್ನುವುದು ಅಲ್ಲಿ ದೊಡ್ಡ ಪ್ರಶ್ನೆ.

ಮಕ್ಕಳಿಬ್ಬರೂ ಹಾಸ್ಟೆಲ್ ಸೇರಿದ ಮೇಲೆ ನಾನೇ ಏಣಿ ಹಾಕಿ ಪೆಟ್ಟಿಗೆ ಇಳಿಸಿದೆ. ಯಾರನ್ನೂ ಕೇಳಲಿಲ್ಲ.

ಆಗಷ್ಟೇ ಊರಿನಲ್ಲಿ ಒಂದು ಬಿಗ್ ಬ್ಯಾಂಡ್ ತಯಾರಾಗುತ್ತಿತ್ತು. ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ಬಂದ ಮಾಸ್ಟರೊಬ್ಬರು ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೋಫೋನ್, ಡ್ರಮ್ಸ್ ನುಡಿಸುವವರನ್ನೆಲ್ಲ ಸೇರಿಸುತ್ತಿದ್ದರು. ರೈಲ್ವೆ ಸ್ಟೇಷನ್ ಹತ್ತಿರದ ಹಳೇ ಹಾಲ್‌ನಲ್ಲಿ ಅವರ ಅಭ್ಯಾಸ. ನಾನೂ ಪೆಟ್ಟಿಗೆ ಹಿಡಿದು ಹೋದೆ. ಮಾಸ್ಟರು ನನ್ನ ಮುಂದೆ ಒಂದು ಹಾಳೆ ಇಟ್ಟರು. ಇಂಗ್ಲಿಷ್ ಸಂಗೀತದ ಸ್ವರಲಿಪಿ: ಐದೈದು ಗೆರೆ, ಅದರ ಮೇಲೆಲ್ಲ ಕಪ್ಪು ಕಾಳು.

"ಒಂದ್ಸಲ ಊದಿ ತೋರಿಸಿ ಸರ್, ಹಾಗೇ ಊದ್ತೀನಿ," ಎಂದೆ.

ಹಿಂದೆ ಕೂತವರು ನಕ್ಕರು. "ಇಲ್ಲಿ ಯಾರೂ ಊದಿ ತೋರ್ಸಲ್ಲ ಮೇಡಂ. ಹಾಳೆ ಇಟ್ಟ ಕೂಡಲೇ ಊದ್ಬೇಕು. ನಿಮ್ದು ಭಜನೆಗೆ ಸರಿ ಹೋಗುತ್ತೆ, ಬಿಡಿ," ಎಂದರು ಮಾಸ್ಟರು.

"ಮತ್ತೆ ಯಾವತ್ತು ಬರಲಿ?"

"ಕಲಿತು ಬನ್ನಿ, ನೋಡೋಣ."

"ನಾನು ಕೇಳಿದ್ದು ದಿನ, ಸರ್."

ಅವರು ನನ್ನ ಮುಖ ನೋಡಿದರು. "ದೀಪಾವಳಿ ಕಳೀಲಿ," ಎಂದರು.

ಸ್ವರಲಿಪಿಯ ಪುಸ್ತಕಗಳನ್ನು ತರಿಸಿ ಕಲಿಯಲು ಕೂತೆ. ಗೆರೆಗಳನ್ನು ಗುರುತಿಸುವುದು ಬೇಗ ಬಂತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಿಗೆ ಅದೇನು ಮಹಾ. ಕಷ್ಟವಿದ್ದದ್ದು ಬೆರಳಿಗೆ. ನನಗೆ ಷಡ್ಜ ಎಲ್ಲಿಟ್ಟರೆ ಅಲ್ಲಿಂದ ರಿ ಗ ಮ ಹುಟ್ಟುತ್ತದೆ. ಹಾಳೆಯ ಸ್ವರ ಮಾತ್ರ ಹಾಕಿದ ಜಾಗ ಬಿಟ್ಟು ಕದಲುವುದಿಲ್ಲ. ಬೆರಳು ಹಳೇ ದಾರಿಗೇ ಹೋಗುತ್ತಿತ್ತು, ನಾನು ಎಳೆದು ತರುತ್ತಿದ್ದೆ. ಇನ್ನೊಂದು ಕಷ್ಟ ಕಿವಿಯದು. ಎರಡು ಸಲ ಊದಿದರೆ ಪಾಠ ಬಾಯಿಗೆ ಬಂದುಬಿಡುತ್ತಿತ್ತು, ಮತ್ತೆ ಕಣ್ಣು ಹಾಳೆ ನೋಡುತ್ತಿರಲಿಲ್ಲ. ಹಾಗಾಗಿ ಊದಿದ ಹಾಳೆಯನ್ನು ಮತ್ತೆ ಮುಟ್ಟಲಿಲ್ಲ. ದಿನಾ ಹೊಸದು. ತಪ್ಪಿದರೂ ನಿಲ್ಲದೆ, ಹಿಂದಿರುಗಿ ತಿದ್ದದೆ, ಕೊನೆ ಮುಟ್ಟಬೇಕು. ಕಣ್ಣು ಬಾಯಿಗಿಂತ ಒಂದು ಹೆಜ್ಜೆ ಮುಂದಿರಬೇಕು.

ನನ್ನ ಸ್ಕೂಲು ಹಳೇಬೀಡಿನಲ್ಲಿ. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಹಾಳೆ ಹರಡಿಕೊಂಡು, ಸ್ವರ ಬಿಟ್ಟು ಬರೀ ಲಯವನ್ನು ತಕಧಿಮಿ ಎಂದು ಹೇಳಿಕೊಳ್ಳುತ್ತಿದ್ದೆ, ತೊಡೆಯ ಮೇಲೆ ತಾಳ. "ಮೇಡಂ, ಹುಷಾರಾಗಿದೀರಾ?" ಎಂದು ಕಂಡಕ್ಟರ್ ಒಂದು ದಿನ ಕೇಳಿಯೇ ಬಿಟ್ಟ. "ಪರೀಕ್ಷೆ ಐತಪ್ಪ," ಎಂದೆ, ಅವನದೇ ಧಾಟಿಯಲ್ಲಿ.

ಮನೆಯಲ್ಲಿ ಯಜಮಾನರು ಮೆಲ್ಲಗೆ ಹೇಳಿದರು: "ಗೋಡೌನಲ್ಲಿ ಊದ್ಕೋ. ಅಮ್ಮನ ಹತ್ರ ಯಾಕೆ ಜಗಳ?"

"ಕಳ್ಳಮಾಲು ಏನಲ್ಲವಲ್ಲ. ನಡುಮನೇಲೇ ಊದ್ತೀನಿ," ಎಂದೆ. ಊದಿದೆ. ಅತ್ತೆ ಟಿ.ವಿ. ಜೋರು ಮಾಡಿದರು. ಒಳ್ಳೆಯದೇ ಆಯಿತು, ಗದ್ದಲದ ನಡುವೆ ಲಯ ಬಿಡದೆ ಓದುವುದನ್ನು ಆ ಟಿ.ವಿ.ಯೇ ಕಲಿಸಿತು.

ದೀಪಾವಳಿ ಕಳೆದ ಭಾನುವಾರ ಮತ್ತೆ ಆ ಹಾಲ್‌ಗೆ ಹೋದೆ. ಈ ಸಲ ಪೂರ್ತಿ ತಂಡ ಕೂತಿತ್ತು. ಮಾಸ್ಟರು ಹಾಳೆ ಇಟ್ಟು ಕೈ ಎತ್ತಿದರು.

"ಅರ್ಧ ನಿಮಿಷ ಸರ್."

"ಯಾಕೆ?"

"ರಸ್ತೆ ನೋಡ್ದೆ ಗಾಡಿ ಬಿಡಲ್ಲ ನಾನು."

ಯಾರೂ ನಗಲಿಲ್ಲ. ಶ್ರುತಿಯ ಗುರುತು ನೋಡಿದೆ, ತಾಳ ನೋಡಿದೆ, ಎಲ್ಲಿಂದ ಎಲ್ಲಿಗೆ ಮರಳಬೇಕೆಂದು ನೋಡಿದೆ, ಕಾಳುಗಳು ಒತ್ತೊತ್ತಾಗಿದ್ದ ಕಡೆ ಬೆರಳಾಡಿಸಿದೆ. ಅಷ್ಟರಲ್ಲಿ ಮಾಸ್ಟರ ಕೈ ಇಳಿಯಿತು. ಸುತ್ತಲಿಂದ ಅಷ್ಟು ವಾದ್ಯಗಳು ಒಟ್ಟಿಗೆ ಎದ್ದವು. ಒತ್ತೊತ್ತು ಬಂದ ಕಡೆ ಸ್ವರಗಳು ಉದುರಿಹೋದವು. ಹೋದದ್ದನ್ನು ಬಿಟ್ಟು ಮುಂದಿನ ತಾಳಕ್ಕೆ ಹಾರಿ ಹಿಡಿದೆ. ನಡುವೆ ಟ್ರಂಪೆಟಿನವರೊಬ್ಬರು ಜಾಗ ತಪ್ಪಿ ನಿಂತೇ ಹೋದರು. ನಾನು ನಿಲ್ಲಲಿಲ್ಲ.

"ತುಂಬಾ ಕಡೆ ತಪ್ಪಿದ್ರಿ," ಎಂದರು ಮಾಸ್ಟರು.

"ಗೊತ್ತು ಸರ್. ಎಲ್ಲೆಲ್ಲಿ ಅಂತನೂ ಗೊತ್ತು."

ಅವರು ಸ್ಯಾಕ್ಸೋಫೋನ್ ಸಾಲಿನ ಕೊನೆಯ ಕುರ್ಚಿ ತೋರಿಸಿದರು. ಹೋಗಿ ಕೂತೆ.

ಮೊದಲ ಕಾರ್ಯಕ್ರಮ ಊರಿನ ಮೈದಾನದಲ್ಲೇ. ಏರ್ಪಾಟು ಮಾಡಿದವರು, "ಮೇಡಂ ಮುಂದೆ ಬಂದು ನಿಲ್ಲಿ, ಹೆಂಗಸರಿದ್ರೆ ಫೋಟೋ ಚೆನ್ನಾಗಿ ಬರುತ್ತೆ," ಎಂದರು. "ಫೋಟೋಗೆ ಬಂದಿಲ್ಲ, ನನ್ನ ಜಾಗ ಇಲ್ಲೈತೆ," ಎಂದು ಕುರ್ಚಿ ಬಿಡಲಿಲ್ಲ. ಮಾಸ್ಟರು ಮೀಸೆಯಲ್ಲೇ ನಕ್ಕರು.

ಅತ್ತೆಯೂ ಬಂದಿದ್ದರೆಂದು ಗೊತ್ತಾದದ್ದು ಆಮೇಲೆ. ಪಕ್ಕದಲ್ಲಿ ಕೂತ ಹೆಂಗಸೊಬ್ಬರು, "ಅದು ನಿಮ್ಮ ಸೊಸೆ ಅಲ್ವೇನ್ರೀ, ಗಂಡಸರ ಮಧ್ಯೆ?" ಎಂದು ರಾಗ ಎಳೆದರಂತೆ. "ಹೂಂ, ನಮ್ಮ ಸೊಸೇನೇ. ಏನೀಗ?" ಎಂದರಂತೆ ಅತ್ತೆ. ಯಜಮಾನರು ಹೇಳಿದಾಗ ನಾನು ನಂಬಲಿಲ್ಲ.

ಅತ್ತೆಯನ್ನೇ ಕೇಳಿದೆ. ಕಡಲೇಕಾಯಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಅವ್ಳ್ಯಾರು ನಮ್ಮನೆ ವಿಷ್ಯ ಕೇಳಾಕೆ? ಹಂಗಂತ ನಂಗೆ ಹಿಡಿಸ್ತು ಅಂತ ತಿಳ್ಕಬ್ಯಾಡ. ನಾಳೆ ಬೆಳಗ್ಗೆನಾದ್ರೂ ಸುಮ್ನಿರು."

"ಆಗಲ್ಲ ಅತ್ತೆ," ಎಂದೆ. "ಹೊಸ ಹಾಳೆ ಕೊಟ್ಟವ್ರೆ."