ಕೀಲಿಕೈಯವನು ತಾಯಿಗೆ ಕಳಿಸಿದ ಚೀಟಿ

ನನ್ನ ಹಳೆಯ ಶಿಷ್ಯನೊಬ್ಬನಿಗೆ ಪೇಟೆಯಲ್ಲೆಲ್ಲ ‘ಕೀಲಿಕೈ’ ಎಂದೇ ಹೆಸರು. ಮಹಡಿ ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಅರ ಹಿಡಿದು ಬೀಗದ ಕೈ ಉಜ್ಜುವಾಗಲೂ ಅವನ ಬಾಯಿಗೆ ಬಿಡುವಿರಲಿಲ್ಲ. ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದ ತಾಯಿಗೆ ಫೋನು ಮಾಡಿ, “ಅಮ್ಮಾ, ಮಾತ್ರೆ ತಗೊಂಡ್ಯಾ?” ಎಂದು ಕೇಳದೆ ಒಂದು ಸಂಜೆಯೂ ಅಂಗಡಿ ಮುಚ್ಚಿದವನಲ್ಲ.

ಮೂರು ವರ್ಷದ ಹಿಂದೆ ಅವನ ಮೆದುಳಿನ ರಕ್ತನಾಳ ಒಡೆದು ಮಾತು ಹೋಯಿತು, ಕೈಕಾಲೂ ಹೋದವು. ಬುದ್ಧಿ ಮಾತ್ರ ಚೊಕ್ಕವಾಗಿ ಉಳಿಯಿತು. ಆಸ್ಪತ್ರೆಯವರು ಪ್ರಯೋಗಕ್ಕೆಂದು ಅವನ ತಲೆಯೊಳಗೆ ಉಗುರಿನಷ್ಟಗಲದ ಚಿಪ್ ಇಟ್ಟರು. ಕೈ ಆಡಿಸಿದಂತೆ ಅವನು ಮನಸ್ಸಿನಲ್ಲೇ ನೆನೆದರೆ ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡುತ್ತದೆ. ಅದೂ ಆಸ್ಪತ್ರೆಯ ಕೋಣೆಯಲ್ಲಿ, ತಂತಿ ಜೋಡಿಸಿದಾಗ, ವಾರಕ್ಕೊಂದು ದಿನ.

ಟಿವಿಯವರು ಬಂದಾಗ ನಾನೂ ಅಲ್ಲಿದ್ದೆ.

“ಏನು ಹೇಳ್ಬೇಕು ಅನ್ನಿಸ್ತಿದೆ?” ಎಂದಳು ವರದಿಗಾರ್ತಿ.

“ಅಮ್ಮನ ಹತ್ತಿರ ಮಾತಾಡಬೇಕು” ಎಂದು ಮೂಡಲು ನಲವತ್ತು ನಿಮಿಷ ಹಿಡಿಯಿತು. ಬೆವರಿಗೆ ದಿಂಬು ಒದ್ದೆಯಾಗಿತ್ತು. ಟಿವಿಯಲ್ಲಿ ನೋಡಿದರೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ! ಯಾರದೋ ಗಡಸು ದನಿ, ಪಟಪಟನೆ.

ವರದಿಗಾರ್ತಿಗೆ ಫೋನು ಮಾಡಿ ಕೇಳಿದೆ. “ಸಾರ್, ನಲವತ್ತು ನಿಮಿಷ ಸುಮ್ನೆ ಯಾರು ಕೂತು ನೋಡ್ತಾರೆ? ಅವರು ಬರೆದಿದ್ದನ್ನೇ ತಾನೆ ಹೇಳಿಸಿದ್ದು?” ಎಂದಳು.

ಟಿವಿಯಲ್ಲಿ ಅದನ್ನು ನೋಡಿದ ದಿನದಿಂದ ಅವನ ತಾಯಿ, ಮಗ ಫೋನು ಮಾಡುತ್ತಾನೆಂದು, ಸಂಜೆಯಾದರೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರತೊಡಗಿದರು. ದನಿ ಬೇರೆಯಾಗಿದ್ದಕ್ಕೆ, ಕಾಯಿಲೆ ಬಿದ್ದೆದ್ದವನ ಗಂಟಲು ಎಂದು ತಾವೇ ಸಮಾಧಾನ ಹೇಳಿಕೊಂಡಿದ್ದರು. ಅದನ್ನು ಅವನಿಗೆ ತಿಳಿಸಿದೆ. ಮುಂದಿನ ವಾರ ಒಂದು ತಾಸು ಪೂರ್ತಿ ಹೆಣಗಿ, ಮಾತ್ರೆಯ ಅದೇ ಹಳೆಯ ಪ್ರಶ್ನೆಯನ್ನು ಬರೆದ. ನರ್ಸು ಅಚ್ಚು ಹಾಕಿಕೊಟ್ಟ ಚೀಟಿ ಹಿಡಿದು ನಾನು ಬಸ್ಸು ಹತ್ತಿದೆ.

ತಾಯಿ ಓದಿ ನಕ್ಕರು. “ಅವನ ಮಾತೇ ಇದು. ಶಾಲೆ ತಪ್ಪಿಸ್ಕೊಳ್ಳೋವಾಗಲೂ ನಿಮಗೆ ಹೀಗೇ ಚೀಟಿ ಕಳಿಸ್ತಿದ್ದ, ಅಲ್ವಾ ಮೇಷ್ಟ್ರೇ?” ಆಮೇಲೆ ಮುಖ ಸಣ್ಣದಾಯಿತು. “ಊರಿಗೆಲ್ಲ ಮಾತಾಡ್ದೋನಿಗೆ ಹೆತ್ತವಳ ಹತ್ರ ಬಾಯಿಲ್ವಾ?”

“ಅದು ಅವನ ದನಿ ಅಲ್ಲಮ್ಮ, ಟಿವಿಯವರು ಸೇರಿಸಿದ್ದು.”

“ಕಣ್ಣಾರೆ ನೋಡಿದ್ದೀನಿ. ನೀವು ಅವನನ್ನ ವಹಿಸ್ಕೊಂಡು ಬರಬೇಡಿ. ನನ್ನ ಮೇಲೆ ಏನು ಕೋಪ ಅಂತ ಅಷ್ಟು ಕೇಳ್ಕೊಂಡು ಬನ್ನಿ, ಸಾಕು.”

ಮರುವಾರ ಪರದೆಯ ಮೇಲೆ ಅಕ್ಷರಗಳು ತೆವಳುತ್ತ ಬಂದವು: “ಅಮ್ಮ ಏನಂದ್ರು?”

“ಮಾತ್ರೆ ತಗೊಂಡ್ರಂತೆ ಕಣಪ್ಪ,” ಎಂದೆ, ಕೋಪದ ಪ್ರಶ್ನೆಯನ್ನು ಬಚ್ಚಿಟ್ಟು.

ಅವನ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಪರದೆಯ ಮೇಲೆ ಇನ್ನೊಂದು ಅಕ್ಷರ ಮೂಡತೊಡಗಿತು.